ಕಾಯುವ ಹಣ್ಣು, ಕಾಯದ ನೀರು

ಭೀಮಾ ತೀರದ ಇಂಡಿಯಿಂದ ಮಂಡ್ಯಕ್ಕೆ ಬರುವುದೆಂದರೆ ಒಂದೇ ರಾಜ್ಯದೊಳಗೆ ಬೇರೊಂದು ದೇಶಕ್ಕೆ ಬಂದ ಹಾಗೆ. ಸಂಜೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತುವಾಗ ಕಿಟಕಿಯಾಚೆ ಇದ್ದದ್ದು ತೊಗರಿ ಕೊಯ್ದ ಕರಿ ಎರಿ ನೆಲ. ಮರುದಿನ ಬೆಂಗಳೂರು ದಾಟಿ, ಶಿಂಷಾ ಹೊಳೆ ಕಳೆದ ಮೇಲೆ ಕಂಡದ್ದು ಕಬ್ಬು, ಭತ್ತ, ತೆಂಗು, ಮತ್ತೆ ಕಬ್ಬು. ಕಾಲುವೆಯಲ್ಲಿ ನೀರು ಹರಿಯುವುದನ್ನು ನಾನು ಹಗಲಿಡೀ ನೋಡುತ್ತ ಕೂರಬಲ್ಲೆ. ನನ್ನ ಬಾಲ್ಯದಲ್ಲಿ ಅಂಥ ನೋಟ ನಮ್ಮೂರಲ್ಲಿ ಇರಲಿಲ್ಲ.

ನಾನು ನಿಂಬೆ ಬೆಳೆಯುವ ಮನೆಯವನು. ಇಂಡಿಯ ಕಾಗ್ಜಿ ನಿಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಹೆಸರು ದೂರ ಹೋಗಿದೆ. ಅದರ ಕಷ್ಟ ಮಾತ್ರ ಹಳೆಯದೇ: ಬೇಸಿಗೆಯಲ್ಲಿ ಬಂಗಾರದ ಬೆಲೆ, ಮಳೆಗಾಲದಲ್ಲಿ ಕೇಳುವವರಿಲ್ಲ. ಹಣ್ಣು ಕಾಯುವುದಿಲ್ಲ. ಹಣ್ಣಿಗೆ ಕಾಯುವುದನ್ನು ಕಲಿಸಿದ ನಾಡು ಲೋಕದಲ್ಲಿ ಎಲ್ಲಿದೆ ಎಂದು ಓದುತ್ತ ಹೋದಾಗ ಸಿಕ್ಕಿದ್ದು ಅಮೆರಿಕದ ಫ್ಲೋರಿಡಾ. ಕಾಯಲಾರದ ರಸವನ್ನು ಸಿಪ್ಪೆಯೊಳಗೇ ಇಟ್ಟು ದಿಲ್ಲಿಯವರೆಗೆ ಮಾರುವ ಊರು ಯಾವುದೆಂದು ವಿಚಾರಿಸಿದಾಗ ಎಲ್ಲರೂ ಹೇಳಿದ್ದು ಎಳನೀರಿನ ಮದ್ದೂರು. ಮೊದಲನೆಯದನ್ನು ಪುಸ್ತಕದಲ್ಲಿ ನೋಡಿದ್ದೆ. ಎರಡನೆಯದನ್ನು ಕಣ್ಣಾರೆ ನೋಡಲೆಂದು ಹೊರಟೆ.

ಆದರೆ ಮಂಡ್ಯದಲ್ಲಿ ಇಳಿದವನನ್ನು ಮೊದಲು ಎಳೆದುಕೊಂಡದ್ದು ಬೆಲ್ಲದ ವಾಸನೆ. ಎಪಿಎಂಸಿ ಪ್ರಾಂಗಣದಲ್ಲಿ ಬೆಲ್ಲಕ್ಕೆ ಎಷ್ಟು ರೂಪಗಳು! ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಟ್ಟು. ಒಂದೊಂದಕ್ಕೂ ಬೇರೆ ದರ, ಬೇರೆ ಊರಿನ ಗಿರಾಕಿ. ವರ್ತಕರೊಬ್ಬರು ಒಂದು ಅಚ್ಚನ್ನು ಮುರಿದು ಒಳಮೈ ತೋರಿಸಿದರು. "ಬಣ್ಣ ನೋಡಿ ಸಾ, ರೇಟು ನಿಲ್ಲೋದೇ ಅದರ ಮೇಲೆ. ರುಚಿ ಆಮೇಲೆ." ಹಳದಿ ಬಣ್ಣದ ಆಸೆಗೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ಆಲೆಮನೆಗಳೂ ಇವೆ, ಕಪ್ಪಗಿದ್ದರೂ ಹಾಕುವುದಿಲ್ಲ ಎಂದು ಪಟ್ಟು ಹಿಡಿದವೂ ಇವೆ. ನನಗೆ ಕಪ್ಪು ಬೆಲ್ಲವೇ ರುಚಿಸಿತು. ಕೊಳ್ಳುವವರ ಕಣ್ಣು ಬದಲಾಗದೆ ಆಲೆಮನೆಯವರನ್ನು ಬೈದು ಪ್ರಯೋಜನವಿಲ್ಲ.

ಊರಾಚೆಯ ಒಂದು ಆಲೆಮನೆಯಲ್ಲಿ ಸಾಕಷ್ಟು ಹೊತ್ತು ನಿಂತೆ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬರುತ್ತದೆ. ಕೆಳಗೆ ಉರಿಯುವುದು ಅದೇ ಕಬ್ಬಿನ ಒಣ ಸಿಪ್ಪೆ. ಸುಣ್ಣ ಬೀಳುತ್ತದೆ, ಮಡ್ಡಿ ಮೇಲೆದ್ದು ಬರುತ್ತದೆ, ಅದನ್ನು ತೆಗೆದು ತೆಗೆದು ಬದಿಗೆ ಹಾಕುತ್ತಾರೆ. ಪಾಕ ಹದಕ್ಕೆ ಬಂದಿತೋ ಇಲ್ಲವೋ ಎಂದು ಹೇಳುವವರು ಒಬ್ಬರೇ. ಅವರು ಒಂದು ಚೂರನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಹಿಚುಕಿ, ತಲೆ ಆಡಿಸಿದರೆ ಮಾತ್ರ ಕೊಪ್ಪರಿಗೆ ಇಳಿಯುತ್ತದೆ. ಒಂದು ಟನ್ ಕಬ್ಬಿಗೆ ಸುಮಾರು ನೂರು ಕಿಲೋ ಬೆಲ್ಲ. ಉಳಿದದ್ದು ಸಿಪ್ಪೆ, ಮಡ್ಡಿ, ಆವಿಯಾಗಿ ಹೋದ ನೀರು.

ನೀರು ತೆಗೆದರೆ ರಸ ಕಾಯುತ್ತದೆ. ಇದನ್ನು ಕಂಡುಕೊಂಡ ನಾಡು ನಮ್ಮದು, ಅದೂ ಸಾವಿರಾರು ವರ್ಷಗಳ ಹಿಂದೆ. ಗದ್ದೆಯಲ್ಲಿ ಕಡಿದ ಕಬ್ಬು ಒಂದು ದಿನ ಬಿಸಿಲಲ್ಲಿ ಬಿದ್ದರೆ ಇಳುವರಿ ಇಳಿಯತೊಡಗುತ್ತದೆ. ಬೆಲ್ಲವಾದರೆ ತಿಂಗಳುಗಟ್ಟಲೆ ಇಡಬಹುದು. ಮಳೆಗಾಲದ ತೇವಕ್ಕೆ ಬೆಲ್ಲವೂ ಬೆವರಿ ಕಪ್ಪಾಗುತ್ತದೆ, ಅದಕ್ಕೇ ಶೀತಲಗೃಹಕ್ಕೆ ಸೇರಿಸುತ್ತಾರೆ. ಸಕ್ಕರೆಯಾದರೆ ವರ್ಷಗಟ್ಟಲೆ ಉಳಿಯುತ್ತದೆ.

ಆ ಸಕ್ಕರೆಯ ಕಥೆಯಿಂದಲೇ ಮಂಡ್ಯ ಮಂಡ್ಯವಾಯಿತು. ಕೃಷ್ಣರಾಜಸಾಗರ (ಕೆ.ಆರ್.ಎಸ್.) ಅಣೆಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅದರ ಬಲದಂಡೆ ಎಡದಂಡೆಗಳ ಕಾಲುವೆಗಳಲ್ಲಿ ದೊಡ್ಡದಾದ ಇರ್ವಿನ್ ನಾಲೆ ಹುಲಿಕೆರೆ ಬಳಿ ಗುಡ್ಡವನ್ನು ಸುರಂಗದಲ್ಲಿ ಹಾಯ್ದು ಈ ಒಣಭೂಮಿಗೆ ನೀರು ತಂದಿತು. ಇಂದು ಎಲ್ಲರ ಬಾಯಲ್ಲಿ ಅದು ವಿಶ್ವೇಶ್ವರಯ್ಯ ನಾಲೆ, ವಿ.ಸಿ. ನಾಲೆ. ನೀರು ಬಂದಿತು, ಕಬ್ಬು ಬೆಳೆಯಿತು; ಕಾಯದ ಕಬ್ಬನ್ನು ಎಲ್ಲಿಗೆ ಸಾಗಿಸುವುದು? ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಇದಕ್ಕೆ ಉತ್ತರ ಹುಡುಕಿದವರಲ್ಲಿ ಪ್ರಮುಖರು. ಹುಟ್ಟಿದ್ದು ಹಿಮದ ನಾಡು ಕೆನಡಾದಲ್ಲಿ, ದುಡಿದದ್ದು ಅಡಿಕೆಯ ಕೊಳೆರೋಗಕ್ಕೆ, ಕಾಫಿಗೆ, ಕಬ್ಬಿಗೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು, ಮರುವರ್ಷ ಗಾಣ ತಿರುಗಿತು. 1939ರಲ್ಲಿ ಮಂಡ್ಯ ತಾನೇ ಒಂದು ಜಿಲ್ಲೆಯಾಯಿತು. ಮೈಷುಗರ್ ಎಂದೇ ಹೆಸರಾದ ಆ ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿದಾಗ ಜನ ಹಬ್ಬದಂತೆ ಮಾತಾಡಿಕೊಂಡರಂತೆ. ಅದರ ಚಿಮಣಿಯ ಕೆಳಗೆ ನಿಂತಾಗ ಅವರ ಸಂತೋಷ ನನಗೂ ಅರ್ಥವಾಯಿತು.

ಈಗ ಫ್ಲೋರಿಡಾದ ಮಾತು. ಆಲೆಮನೆ ನೋಡಿದವರಿಗೆ ಅದು ಬೇಗ ತಿಳಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ವಿಟಮಿನ್ ಸಿ ಬೇಕಾಗಿತ್ತು. ಕೊಟ್ಟ ನಿಂಬೆಪುಡಿಯ ಪಾನಕ ಅವರಿಗೆ ಸೇರಲಿಲ್ಲ. ಕಿತ್ತಳೆ ರಸವನ್ನು ನಮ್ಮ ಕೊಪ್ಪರಿಗೆಯಂತೆ ಕುದಿಸಿದರೆ ಕಿತ್ತಳೆಯ ಗಂಧವೇ ಹಾರಿಹೋಗುತ್ತದೆ. ಬೆಲ್ಲಕ್ಕೆ ಉರಿಯೇ ರುಚಿ, ಕಿತ್ತಳೆಗೆ ಉರಿಯೇ ಶತ್ರು. ಫ್ಲೋರಿಡಾ ಸಿಟ್ರಸ್ ಕಮಿಷನ್ನಿನ ಲೂಯಿಸ್ ಮ್ಯಾಕ್‌ಡೊವೆಲ್, ಎಡ್ವಿನ್ ಮೂರ್, ಸೆಡ್ರಿಕ್ ಆಟ್ಕಿನ್ಸ್ ಎಂಬ ಮೂವರು ಇದಕ್ಕೊಂದು ದಾರಿ ಮಾಡಿದರು. ಗಾಳಿ ತೆಗೆದ ಪಾತ್ರೆಯಲ್ಲಿ ಕಡಿಮೆ ಬಿಸಿಗೇ ರಸ ಕುದಿಯುತ್ತದೆ. ಹಾಗೆ ನೀರು ಆರಿಸಿ, ಬೇಕಾದುದಕ್ಕಿಂತಲೂ ಗಟ್ಟಿ ಮಾಡಿ, ಆಮೇಲೆ ಸ್ವಲ್ಪ ತಾಜಾ ರಸ ಬೆರೆಸಿ ಗಂಧವನ್ನು ಮರಳಿಸಿ, ಹೆಪ್ಪುಗಟ್ಟಿಸುವುದು. 1948ರಲ್ಲಿ ಅದಕ್ಕೆ ಪೇಟೆಂಟ್ ಬಂತು. ಅದನ್ನು ಅವರು ಸರ್ಕಾರಕ್ಕೇ ಒಪ್ಪಿಸಿದರು. ಆ ಔದಾರ್ಯವನ್ನು ನೆನೆದರೆ ನನ್ನ ಮನಸ್ಸು ತುಂಬುತ್ತದೆ.

ಅತ್ತ ಬಾಸ್ಟನ್ನಿನಲ್ಲಿ, ಪೆನಿಸಿಲಿನ್ನನ್ನೂ ರಕ್ತದ ಪ್ಲಾಸ್ಮಾವನ್ನೂ ನಿರ್ವಾತದಲ್ಲಿ ಒಣಗಿಸಲು ಕಲಿತಿದ್ದ ನ್ಯಾಷನಲ್ ರಿಸರ್ಚ್ ಕಾರ್ಪೊರೇಷನ್‌ಗೆ ಸೈನ್ಯದಿಂದ 5 ಲಕ್ಷ ಪೌಂಡ್ ಕಿತ್ತಳೆ ಪುಡಿಯ ಗುತ್ತಿಗೆ ಸಿಕ್ಕಿತು. 1945ರಲ್ಲಿ ಯುದ್ಧ ಮುಗಿದು ಗುತ್ತಿಗೆ ರದ್ದಾಯಿತು. ಪುಡಿ ಬಿಟ್ಟು, ಹೆಪ್ಪುಗಟ್ಟಿದ ಗಟ್ಟಿರಸವನ್ನೇ ಡಬ್ಬಿಗೆ ತುಂಬಿ 1946ರಲ್ಲಿ ಪೇಟೆಗೆ ಬಿಟ್ಟರು. ಅದೇ ಮಿನಿಟ್ ಮೇಡ್. ಒಂದು ಡಬ್ಬಿ ರಸಕ್ಕೆ ಮೂರು ಡಬ್ಬಿ ನೀರು ಬೆರೆಸಿದರೆ ಮನೆಮಂದಿಗೆಲ್ಲ ಬೆಳಗಿನ ಪಾನೀಯ. 1960ರಲ್ಲಿ ಕೋಕಾ ಕೋಲಾ ಆ ಕಂಪನಿಯನ್ನು ಕೊಂಡಿತು.

ಹಣ್ಣು ಕಾಯಲು ಕಲಿತ ಮೇಲೆ ಬಂದದ್ದು ವಾಯಿದೆ ವ್ಯಾಪಾರ. 1966ರಲ್ಲಿ ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದಲ್ಲಿ ಹೆಪ್ಪುಗಟ್ಟಿದ ಕಿತ್ತಳೆ ರಸ ವಹಿವಾಟಿಗೆ ಬಂತು. ಒಂದು ಕರಾರಿಗೆ 15,000 ಪೌಂಡ್, ಅದೂ ರಸದಲ್ಲಿನ ಘನಾಂಶದ ಲೆಕ್ಕ. ಹಣ್ಣಿನ ಮುಖ ನೋಡದವರು ಮುಂದಿನ ಮಾರ್ಚಿನ ರಸವನ್ನು ಈಗಲೇ ಮಾರುತ್ತಾರೆ, ಕೊಳ್ಳುತ್ತಾರೆ. ಬೆಳೆಗಾರನಿಗೂ ಕಾರ್ಖಾನೆಗೂ ಮುಂದಿನ ದರ ಇಂದೇ ಗಟ್ಟಿಯಾಗುತ್ತದೆ. ಏರಿಳಿತದ ಭಯವನ್ನು ಹಣ ಹೂಡುವವನು ಹೊರುತ್ತಾನೆ. ಆಗ ಎಲ್ಲರ ಕಣ್ಣು ಫ್ಲೋರಿಡಾದ ಚಳಿಯ ಮೇಲಿತ್ತು. ಒಂದು ರಾತ್ರಿ ಹಿಮ ಬಿದ್ದರೆ ಸಾಕು, ದರ ಜಿಗಿಯುತ್ತಿತ್ತು. 1962ರ ಡಿಸೆಂಬರಿನ ಹಿಮಗಾಳಿ ಅಲ್ಲಿನ ತೋಟಗಳನ್ನು ಸುಟ್ಟಾಗ ಬ್ರೆಜಿಲ್‌ನ ಸಾವೊ ಪಾವ್ಲೊ ಪ್ರಾಂತ್ಯದಲ್ಲಿ ರಸದ ಕಾರ್ಖಾನೆಗಳು ಎದ್ದವು. ಇಂದು ಲೋಕದ ಕಿತ್ತಳೆ ರಸದ ರಫ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಬ್ರೆಜಿಲ್‌ನದೇ. ಸಾಂತೋಸ್ ಬಂದರಿನಿಂದ ಹಡಗಿನ ತಣ್ಣನೆಯ ತೊಟ್ಟಿಗಳಲ್ಲಿ ರಸ ಯುರೋಪಿಗೆ ಹೊರಡುತ್ತದೆ. 1984ರಲ್ಲಿ ರಿಚರ್ಡ್ ರೋಲ್ ಎಂಬ ಅರ್ಥಶಾಸ್ತ್ರಜ್ಞ ಒಂದು ವಿಚಿತ್ರ ಸಂಗತಿಯನ್ನು ತೋರಿಸಿಕೊಟ್ಟರು: ಹವಾಮಾನ ಇಲಾಖೆಯ ಮುನ್ಸೂಚನೆ ಎಲ್ಲಿ ತಪ್ಪಲಿದೆ ಎಂಬ ಸುಳಿವು ಈ ರಸದ ದರದಲ್ಲೇ ಇರುತ್ತಿತ್ತು.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಮದ್ದೂರಿಗೆ ಬಂದೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲೇ ಎಪಿಎಂಸಿ. ಏಷ್ಯಾದಲ್ಲೇ ದೊಡ್ಡ ಎಳನೀರು ಮಾರುಕಟ್ಟೆ ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಒಳಗೆ ಕಾಲಿಟ್ಟೊಡನೆ ಹಸಿರು ಗುಡ್ಡಗಳು. ಟೆಂಪೊ, ಆಟೊ, ಟ್ರ್ಯಾಕ್ಟರ್, ಎತ್ತಿನ ಗಾಡಿ, ಎಲ್ಲದರಲ್ಲೂ ಎಳನೀರು; ಬೇಸಿಗೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಕಾಯಿ. ಎಣಿಸುವವರು ಮೊದಲ ಹಿಡಿಗೆ "ಲಾಭ" ಎಂದೇ ಶುರುಮಾಡುತ್ತಾರೆ. ಅವರ ಕೈ ಅಡ್ಡಾಡುವ ವೇಗಕ್ಕೆ ನನ್ನ ಕಣ್ಣು ಸಾಲಲಿಲ್ಲ. ನಡುವೆ ಒಂದು ಕಾಯಿ ತೂಕದಲ್ಲಿ ಹಗುರವೆನಿಸಿದರೆ ಎಣಿಕೆ ನಿಲ್ಲದೆಯೇ ಅದು ಬೇರೆ ಗುಡ್ಡೆಗೆ ಹೋಗಿ ಬೀಳುತ್ತದೆ.

ಯಂತ್ರವಿಲ್ಲ, ಸಿಹಿ ಅಳೆಯುವ ಬ್ರಿಕ್ಸ್ ಲೆಕ್ಕವಿಲ್ಲ. ವರ್ತಕ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಬೆರಳಿಂದ ತಟ್ಟುತ್ತಾನೆ. ತುಂಬಿದ ಎಳನೀರು ಸದ್ದು ಮಾಡುವುದಿಲ್ಲ. ಗುಳುಗುಳು ಎಂದರೆ ಬಲಿತಿದೆ ಎಂದೇ ಅರ್ಥ. ಹೊಂಬಾಳೆ ಒಡೆದು ಏಳು ತಿಂಗಳ ಸುಮಾರಿಗೆ ಕಾಯಿಯಲ್ಲಿ ನೀರೂ ಸಿಹಿಯೂ ತುಂಬಿರುತ್ತವೆ. ಆಮೇಲೆ ಗಂಜಿ ಕಟ್ಟುತ್ತದೆ, ನೀರು ಇಳಿಯುತ್ತದೆ. ಕೀಳುವಾಗ ಗೊನೆಯನ್ನು ಹಗ್ಗಕ್ಕೆ ಕಟ್ಟಿ ಮೆಲ್ಲಗೆ ಇಳಿಸಬೇಕು. ಕೆಡವಿದರೆ ಒಳಗೆ ಬಿರುಕು ಬಿಟ್ಟು, ದಿಲ್ಲಿ ತಲುಪುವ ಮೊದಲೇ ಹುಳಿಯಾಗುತ್ತದೆ. ದಿಲ್ಲಿ, ಮುಂಬೈ, ಪುಣೆ, ಹೈದರಾಬಾದ್: ಸಂಜೆಯಾಗುತ್ತಲೇ ಲಾರಿಗಳು ಟಾರ್ಪಾಲು ಹೊದ್ದು ಹೊರಡುತ್ತವೆ. ದಿಲ್ಲಿಗೆ ಎರಡು ಸಾವಿರ ಕಿಲೋಮೀಟರ್ ಮೀರಿದ ದಾರಿ. ಅಷ್ಟೂ ದೂರ ಆ ರಸವನ್ನು ಕಾಪಾಡುವುದು ಮರ ತಾನೇ ಹೆಣೆದ ನಾರಿನ ಕವಚ.

ಫ್ಲೋರಿಡಾದ ವಾಯಿದೆ ವಿಷಯವನ್ನು ಅಲ್ಲೇ ಕೂತಿದ್ದ ಒಬ್ಬ ರೈತರಿಗೆ ಹೇಳಿದೆ. ಅವರು ಗಮನವಿಟ್ಟು ಕೇಳಿ ನೇರವಾಗಿ ಪ್ರಶ್ನೆ ಹಾಕಿದರು. "ಅಲ್ಲಣ್ಣಾ, ಮುಂದಿನ ತಿಂಗಳ ಎಳನೀರನ್ನ ಇವತ್ತೇ ಮಾರಾಕಾಯ್ತದ? ಅದು ಕೂತ್ಕಂಡಿರ್ತದ?" ಅವರ ಪ್ರಶ್ನೆಯಲ್ಲಿ ಇಡೀ ಶಾಸ್ತ್ರವಿತ್ತು. ಗೋದಾಮಿನಲ್ಲಿ ಇಡಲಾಗದ, ಒಂದೇ ಗುಣಮಟ್ಟಕ್ಕೆ ಅಳೆಯಲಾಗದ ಸರಕಿಗೆ ವಾಯಿದೆ ಕಟ್ಟುವುದು ಕಷ್ಟ. ಹಾಗಾಗಿ ಮದ್ದೂರಿನ ದರ ಪ್ರತಿ ಬೆಳಗ್ಗೆ ಹೊಸದಾಗಿ ಹುಟ್ಟುತ್ತದೆ. ಉತ್ತರದಲ್ಲಿ ಬಿಸಿಲು ಕಾದರೆ ಏರುತ್ತದೆ, ದಿಲ್ಲಿಯಲ್ಲಿ ಮಳೆ ಹನಿದರೆ ಇಲ್ಲಿ ರೈತನ ಮುಖ ಸಣ್ಣದಾಗುತ್ತದೆ. ಎಲ್ಲ ಸಂತೆಗಳಲ್ಲೂ ನಾನು ಕಂಡದ್ದು ಇದೇ: ಯಾರಿಗೆ ಕಾಯಲು ಸಾಧ್ಯವೋ ಬೆಲೆ ಅವರ ಕಡೆ ವಾಲುತ್ತದೆ. ಎಳನೀರು ತಂದ ರೈತ ಅದನ್ನು ವಾಪಸು ಒಯ್ಯಲಾರ, ನಮ್ಮ ನಿಂಬೆಯವರೂ ಅಷ್ಟೇ. ರಾಮನಗರಕ್ಕೆ ಗೂಡು ಒಯ್ಯುವ ರೇಷ್ಮೆ ಬೆಳೆಗಾರರದೂ ಅದೇ ಪಾಡು, ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬರುವ ಮೊದಲು ಮಾರಿ ಮುಗಿಸಬೇಕು.

ಅಚ್ಚರಿಯೆಂದರೆ ಅದೇ ತೆಂಗಿನ ಮರಕ್ಕೆ ಕಾಯುವ ವಿದ್ಯೆಯೂ ಗೊತ್ತು. ಎಳನೀರು ಕೀಳದೆ ಬಲಿಯಲು ಬಿಟ್ಟು, ಕಾಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಇಟ್ಟರೆ ನೀರು ಪೂರ್ತಿ ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನವರು ಆ ದಾರಿ ಹಿಡಿದರು, ಮದ್ದೂರಿನವರು ಈ ದಾರಿ. ಅಟ್ಟವಿದ್ದವನು ದರ ಬರಲಿ ಎಂದು ಕೂರಬಹುದು, ಆದರೆ ಮನೆಯ ಖರ್ಚು ವರ್ಷವಿಡೀ ಕೂರುವುದಿಲ್ಲ. ಎಳನೀರಿನ ದುಡ್ಡು ಸಣ್ಣದಾದರೂ ತಿಂಗಳು ತಿಂಗಳು ಕೈಗೆ ಬರುತ್ತದೆ. ಮದ್ದೂರಿನವರ ಆಯ್ಕೆ ಸರಿಯೆಂದೇ ನನಗೆ ತೋರಿತು.

ಫ್ಲೋರಿಡಾದ ದಾರಿಯನ್ನು ಇಲ್ಲಿಯೂ ಹುಡುಕಿದವರಿದ್ದಾರೆ, ಅದೂ ಪಕ್ಕದ ಮೈಸೂರಿನಲ್ಲೇ. 1961ರಲ್ಲಿ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ತೆಂಗು ಅಭಿವೃದ್ಧಿ ಮಂಡಳಿಯ ಜೊತೆ ಸೇರಿ, ಎಳನೀರನ್ನು ಪೊಟ್ಟಣದಲ್ಲಿ, ಡಬ್ಬಿಯಲ್ಲಿ ಇಡುವ ವಿಧಾನವನ್ನು ರೂಪಿಸಿತು. ಅಲ್ಲಿಯೂ ಸೈನಿಕನ ಬಾಯಾರಿಕೆಯ ಚಿಂತೆ, ಇಲ್ಲಿಯೂ ಸೈನಿಕನ ಬಾಯಾರಿಕೆಯ ಚಿಂತೆ. ಡಬ್ಬಿಯ ಎಳನೀರನ್ನು ನಾನೂ ಕುಡಿದಿದ್ದೇನೆ; ಕಾಯಿಯಿಂದ ಕುಡಿದದ್ದಕ್ಕೆ ಅದು ಸಮನಲ್ಲ. ಆದರೂ ಮಳೆಗಾಲದಲ್ಲಿ ದರ ಬಿದ್ದಾಗ ಉಳಿದ ಕಾಯಿಗೆ ಒಂದು ದಾರಿ ಬೇಕೇ ಬೇಕು. ಅಂಥ ಘಟಕಗಳು ರೈತರ ಸಂಘಗಳ ಕೈಯಲ್ಲೇ ಇರಲಿ ಎಂದು ನನ್ನ ಆಸೆ.

ಮದ್ದೂರಿಗೆ ಬಂದು ವಡೆ ತಿನ್ನದೆ ಹೋಗುವುದುಂಟೆ? ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿಯ ಆ ಗರಿಗರಿ ವಡೆ ಈ ರೈಲು ನಿಲ್ದಾಣದಲ್ಲೇ 1917ರಲ್ಲಿ ಹುಟ್ಟಿತೆನ್ನುತ್ತಾರೆ. ಎರಡು ತಿಂದು, ಎರಡು ಕಟ್ಟಿಸಿಕೊಂಡು, ಮಳವಳ್ಳಿ ಬಸ್ಸು ಹತ್ತಿದೆ.

ಕೆ.ಎಂ. ದೊಡ್ಡಿ ದಾಟಿ ದಕ್ಷಿಣಕ್ಕೆ ಹೋದಂತೆ ಕಾಲುವೆಯ ಮಾತು ಬದಲಾಗುತ್ತದೆ. ಮಳವಳ್ಳಿ ಎಂದರೆ ವಿ.ಸಿ. ನಾಲೆಯ ಕೊನೆಭಾಗ. ಕೆ.ಆರ್.ಎಸ್. ತುಂಬಿದರೂ ನೀರು ಇಲ್ಲಿಗೆ ಮುಟ್ಟುವುದು ಎಲ್ಲರಿಗಿಂತ ಕೊನೆಗೆ. ಬಸ್ಸಿನಲ್ಲಿ ಪಕ್ಕ ಕೂತವರು ಪತ್ರಿಕೆ ಬಿಡಿಸಿ ಮೊದಲು ಹುಡುಕಿದ್ದು ಅಣೆಕಟ್ಟೆಯ ಮಟ್ಟ. ಗರಿಷ್ಠ 124.80 ಅಡಿ, ಆ ಅಂಕಿ ಇಲ್ಲಿ ಮಕ್ಕಳಿಗೂ ಬಾಯಿಪಾಠ. ನ್ಯೂಯಾರ್ಕಿನವರು ಫ್ಲೋರಿಡಾದ ಚಳಿಯನ್ನು ಎಷ್ಟು ಆತಂಕದಿಂದ ನೋಡುತ್ತಿದ್ದರೋ ಅಷ್ಟೇ ಆತಂಕದಿಂದ ಇವರು ಅಡಿ ಅಡಿಯನ್ನೂ ನೋಡುತ್ತಾರೆ. ಅಲ್ಲಿ ಆತಂಕವನ್ನು ಹಂಚಿಕೊಳ್ಳಲು ಕರಾರು ಇತ್ತು. ಇಲ್ಲಿ ಪೂರ್ತಿ ಭಾರ ಒಂದೇ ಹೆಗಲ ಮೇಲೆ.

ತಾಲ್ಲೂಕಿನ ಅಂಚಿನ ಶಿವನಸಮುದ್ರಕ್ಕೆ ಹೋಗಿ ಗಗನಚುಕ್ಕಿಯ ಎದುರು ನಿಂತೆ. 1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ತಂತಿಯಲ್ಲಿ ಓಡಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಆ ಕಾಲಕ್ಕೆ ಅಷ್ಟು ದೂರದ ಸಾಗಣೆ ಲೋಕವೇ ಬೆರಗಾಗುವಂಥದ್ದು. ವಿದ್ಯುತ್ತೂ ಕಾಯದ ಸರಕು, ಹುಟ್ಟಿದ ಕ್ಷಣವೇ ಬಳಕೆಯಾಗಬೇಕು. ಅದಕ್ಕೆ ಗೋದಾಮು ಕಟ್ಟಲಾಗದೆ ದಾರಿ ಕಟ್ಟಿದರು. ಮದ್ದೂರಿನ ಲಾರಿಗಳೂ ಅದನ್ನೇ ಮಾಡುತ್ತಿವೆ.

ಇದೇ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರ ಬಡಾ ಬಾಗ್ ಇದೆ. ಟಿಪ್ಪುವಿನ ಕಾಲದಿಂದ ಬಂದ ಮಾವಿನ ತೋಪು, ನೂರಕ್ಕೂ ಮೀರಿದ ತಳಿಗಳು. ಜೊತೆಗೆ ಅವರು ಉಳಿಸಿದ ನೂರಾರು ಭತ್ತದ ತಳಿಗಳು. ಮೋಸಂಬಿಯ ರುಚಿ ಕೊಡುವ ಒಂದು ಮಾವೂ ಅಲ್ಲಿದೆ! ಕಿತ್ತಳೆಯನ್ನೇ ನೆಚ್ಚಿದ್ದ ಫ್ಲೋರಿಡಾಕ್ಕೆ ಇಂಥ ವೈವಿಧ್ಯದ ಬೆಲೆ ತಡವಾಗಿ ಗೊತ್ತಾಯಿತು. 2005ರಲ್ಲಿ ಅಲ್ಲಿ ಸಿಟ್ರಸ್ ಗ್ರೀನಿಂಗ್ ರೋಗ ಪತ್ತೆಯಾಯಿತು. ಏಷ್ಯಾದಿಂದ ಹೋದ ಒಂದು ಪುಟ್ಟ ಕೀಟ ಅದನ್ನು ಹರಡುತ್ತದೆ. 1997–98ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದ ರಾಜ್ಯ 2022–23ರಲ್ಲಿ 1.6 ಕೋಟಿಗೆ ಇಳಿಯಿತು. 2024ರಲ್ಲಿ ರಸದ ದರ ಪೌಂಡಿಗೆ 5 ಡಾಲರ್ ದಾಟಿದಾಗ ಮಾರಲು ಅಲ್ಲಿನವರ ಹತ್ತಿರ ಹಣ್ಣೇ ಇರಲಿಲ್ಲ. ಕೊಡಗಿನ ಕಿತ್ತಳೆಯನ್ನು ತಿಂದುಹಾಕಿದ ರೋಗಗಳಲ್ಲಿ ಈ ಗ್ರೀನಿಂಗ್ ಕೂಡ ಒಂದು. ನಿಂಬೆಯವನಾದ ನಾನು ಈ ಸುದ್ದಿಯನ್ನು ಓದಿದಾಗಲೆಲ್ಲ ನಮ್ಮ ಗಿಡಗಳ ಚಿಗುರನ್ನು ಇನ್ನೊಮ್ಮೆ ಮಗುಚಿ ನೋಡುತ್ತೇನೆ. ಮದ್ದೂರಿನವರೂ ತೆಂಗಿಗೆ ನುಸಿ, ಕಪ್ಪುತಲೆ ಹುಳು, ಈಚಿನ ಬಿಳಿನೊಣ ಎಂದು ಹೀಗೇ ಕಳವಳ ಪಡುತ್ತಾರೆ.

ಮಳವಳ್ಳಿ ಬಸ್ ನಿಲ್ದಾಣದ ಬಳಿ ಚಹಾ ಕುಡಿಯುವಾಗ ಪರಿಚಯವಾದ ರೈತರೊಬ್ಬರು ಕಬ್ಬು ಬಿಟ್ಟು ತೆಂಗು ಹಾಕುವ ಯೋಚನೆಯಲ್ಲಿದ್ದರು. ಕೊನೆಭಾಗದ ನೀರನ್ನು ನಂಬಿ ಕಬ್ಬು ಬೆಳೆದು ಸಾಕಾಗಿತ್ತು ಅವರಿಗೆ. ಎಳನೀರಿಗೆಂದೇ ಇರುವ ಗಿಡ್ಡ ತಳಿ ಹುಡುಕುತ್ತಿದ್ದರು. ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಚೌಘಾಟ್ ಆರೆಂಜ್ ಡ್ವಾರ್ಫ್ ಬಗ್ಗೆ ನಾನು ಓದಿದ್ದನ್ನು ಹೇಳಿದೆ: ಕಿತ್ತಳೆ ಬಣ್ಣದ ಕಾಯಿ, ಸಿಹಿ ನೀರು, ನಾಲ್ಕೈದು ವರ್ಷಕ್ಕೆ ಫಲ.

"ಐದು ವರ್ಷ ಆದ್ಮೇಲೆ ರೇಟು ಏನಿರ್ತದೋ ಯಾರ್ ಕಂಡೋರು? ಆದ್ರೂ ಹಾಕ್ತೀನಿ ಬುಡಿ," ಎಂದರು. ಅಲ್ಲಿಯತನಕ ಸಾಲಿನ ನಡುವೆ ಏನು ಬೆಳೆಯಬಹುದು ಎಂದು ನನ್ನನ್ನೇ ಕೇಳಿದರು. ನಿಂಬೆಗೆ ಬಿಸಿಲು ಬೇಕು, ತೆಂಗು ಎತ್ತರವಾದ ಮೇಲೆ ನೆರಳಾಗುತ್ತದೆ. ಬದುವಿನ ಪಡುವಣ ಬದಿಗೆ ಹಾಕಿದರೆ ಬರುತ್ತದೆ ಎಂದೆ. ಮೂರು ನಾಲ್ಕು ವರ್ಷಕ್ಕೆ ಕಾಯಿ ಕಾಣುತ್ತದೆ, ಬೇಸಿಗೆಯ ಫಸಲಿಗೆ ಗಿಡವನ್ನು ಹೇಗೆ ಒಣಗಿಸಿ ನೀರು ಕೊಡಬೇಕೆಂಬುದನ್ನೂ ವಿವರಿಸಿದೆ. ಅವರು ಪತ್ರಿಕೆಯ ಅಂಚಿನಲ್ಲಿ, 124.80ರ ಪಕ್ಕದಲ್ಲೇ, ಅದನ್ನೆಲ್ಲ ಬರೆದುಕೊಂಡರು. ಮುಂಗಾರಿಗೆ ಮುಂಚೆ ಐವತ್ತು ಕಾಗ್ಜಿ ಸಸಿ ಕಳಿಸುತ್ತೇನೆಂದು ಮಾತು ಕೊಟ್ಟೆ. ದರ ಎಷ್ಟೆಂದು ಕೇಳಿದರು. ನರ್ಸರಿಯವರ ದರಕ್ಕೆ ಲಾರಿ ಬಾಡಿಗೆ ಸೇರಿಸಿ ಹೇಳಿದೆ, ಅವರು ಮುಂಗಡವೆಂದು ಐನೂರು ರೂಪಾಯಿ ಕೈಗಿಟ್ಟರು.